ಮೊದಲು ರ‍್ಯಾಮ್, ಆಮೇಲೆ ಪ್ರೊಸೆಸರ್: ನಮ್ಮ ಆಫೀಸಿನ ಸರ್ವರ್ ಆರಿಸಿದ ಅನುಭವ

ಸರ್ವರ್ ತಗೊಳ್ಳೋಣ ಅಂತ ಯಾರೇ ಹೊರಟರೂ ಮಾತು ಶುರುವಾಗುವುದು ಪ್ರೊಸೆಸರ್‌ನಿಂದ. ಎಷ್ಟು ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ), ಎಷ್ಟು ಗಿಗಾಹರ್ಟ್ಸ್ ವೇಗ, ಇಂಟೆಲ್ಲಾ ಎಎಂಡಿನಾ. ರ‍್ಯಾಮ್, ಅಂದರೆ ಮೆಮೊರಿಯ ವಿಷಯ ಬರುವುದು ಕೊನೆಗೆ. ಅದೂ ‘ಒಂದು 64 ಜಿಬಿ ಹಾಕಿಬಿಡಿ’ ಅನ್ನುವ ಒಂದೇ ಸಾಲಿನಲ್ಲಿ. ನಮ್ಮ ಆಫೀಸಿಗೆ ಹೊಸ ಸರ್ವರ್ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಈ ಕ್ರಮವನ್ನೇ ತಿರುಗಿಸಿದೆ. ಮೆಮೊರಿ ಎಷ್ಟು ಬೇಕು, ಎಂಥದ್ದು ಬೇಕು ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಂಡೆ. ಆ ಮೆಮೊರಿಯನ್ನು ಸರಿಯಾಗಿ ನಡೆಸುವ ಪ್ರೊಸೆಸರ್ ಯಾವುದು ಅಂತ ಆಮೇಲೆ ಹುಡುಕಿದೆ. ಸಣ್ಣ ಆಫೀಸಿನ ಸರ್ವರ್‌ಗೆ ಇದೇ ಸರಿಯಾದ ದಾರಿ ಅನ್ನುವುದು ಈಗ ನನಗೆ ಖಾತ್ರಿಯಾಗಿದೆ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಸುಮಾರು ಮೂವತ್ತು ಜನ ಕೆಲಸ ಮಾಡುವ ಜಾಗ. ಹಳೇ ಸರ್ವರ್‌ನಲ್ಲಿ 4 ಕೋರಿನ ಜಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್), 16 ಜಿಬಿ ಹಳೇ ತಲೆಮಾರಿನ ಡಿಡಿಆರ್3 ಮೆಮೊರಿ, ತಿರುಗುವ ಹಾರ್ಡ್ ಡಿಸ್ಕುಗಳು. ಲಿನಕ್ಸ್ ಮೇಲೆ ಮೂರು ವರ್ಚುವಲ್ ಮಷೀನ್, ಅಂದರೆ ಒಂದೇ ಸರ್ವರ್ ಒಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವ ವ್ಯವಸ್ಥೆಗಳು, ಓಡುತ್ತಿದ್ದವು. ಒಂದರಲ್ಲಿ ಲಾಗಿನ್ ಮತ್ತು ಫೈಲುಗಳು. ಇನ್ನೊಂದರಲ್ಲಿ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ಮೇಲೆ ನಡೆಯುವ ಲೆಕ್ಕಪತ್ರದ ಸಾಫ್ಟ್‌ವೇರ್. ಮೂರನೆಯದರಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಮೇಲೆ ನಡೆಯುವ ಸ್ಟಾಕ್ ಲೆಕ್ಕ. ದಿನಾ ಬೆಳಗ್ಗೆ ಎಲ್ಲರೂ ಕೆಲಸ ಶುರು ಮಾಡುವ ಹೊತ್ತಿಗೆ ಎಲ್ಲವೂ ನಿಧಾನ. ತಿಂಗಳ ಕೊನೆಯಲ್ಲಂತೂ ಕೇಳಲೇಬೇಡಿ. ಒಬ್ಬರು ದೊಡ್ಡ ರಿಪೋರ್ಟ್ ತೆಗೆದರೆ ಉಳಿದವರ ಸ್ಕ್ರೀನ್ ಅಲ್ಲೇ ನಿಂತುಬಿಡುತ್ತಿತ್ತು.

ಒಬ್ಬ ಸರಬರಾಜುದಾರರು ಕೋಟೇಶನ್ ಕೊಟ್ಟರು. ಅದರಲ್ಲಿ ಎರಡು ಜಿಯಾನ್ ಸಿಲ್ವರ್ 4314. ತಲಾ 16 ಕೋರ್, ಒಟ್ಟು 32. ಮೆಮೊರಿ 64 ಜಿಬಿ, 16ರ ನಾಲ್ಕು ಸ್ಟಿಕ್. ‘ಇದು ಹಾಕಿಸಿದ್ರೆ ಹತ್ತು ವರ್ಷ ತಲೆನೋವಿಲ್ಲ’ ಅಂದರು. ನಮ್ಮ ಯಜಮಾನರಿಗೂ 32 ಅನ್ನುವ ಸಂಖ್ಯೆ ಹಿಡಿಸಿತ್ತು. 4 ಇದ್ದ ಕಡೆ 32 ಬಂದರೆ ಎಂಟು ಪಟ್ಟು ಅಲ್ವಾ ಅನ್ನುವುದು ಅವರ ಲೆಕ್ಕ. ನಾನು ಸ್ವಲ್ಪ ಸಮಯ ಕೊಡಿ ಅಂದೆ. ಇರುವ ಸರ್ವರ್ ಎಲ್ಲಿ ಸೋಲುತ್ತಿದೆ ಅಂತ ಅಳೆಯದೆ ಹೊಸದನ್ನು ಆರಿಸಲು ನನಗೆ ಮನಸ್ಸಿರಲಿಲ್ಲ.

ಅಳೆಯುವ ಕೆಲಸ ಕಷ್ಟದ್ದೇನಲ್ಲ, ಆದರೆ ತಾಳ್ಮೆ ಬೇಕು. ಲಿನಕ್ಸ್‌ನಲ್ಲಿ ಸಿಸ್‌ಸ್ಟಾಟ್ ಅನ್ನುವ ಉಚಿತ ಪ್ಯಾಕೇಜ್ ಇದೆ. ಅದರ ಜೊತೆ ಬರುವ ‘ಸಾರ್’ ಅನ್ನುವ ಕಮಾಂಡ್ ದಿನವಿಡೀ ಪ್ರೊಸೆಸರ್, ಮೆಮೊರಿ, ಡಿಸ್ಕಿನ ಲೆಕ್ಕ ಬರೆದಿಡುತ್ತದೆ. ಸಾಮಾನ್ಯವಾಗಿ ಅದು 10 ನಿಮಿಷಕ್ಕೊಮ್ಮೆ ಬರೆಯುವಂತೆ ಸೆಟ್ ಆಗಿರುತ್ತದೆ. ಅದು ಸಾಲದು. ಎರಡು ನಿಮಿಷ ಎಲ್ಲವೂ ನಿಂತುಹೋಗಿ ಎಂಟು ನಿಮಿಷ ಆರಾಮಾಗಿದ್ದರೆ ಹತ್ತು ನಿಮಿಷದ ಸರಾಸರಿಯಲ್ಲಿ ಏನೂ ಕಾಣುವುದಿಲ್ಲ. ಆದರೆ ಜನ ಬೈಯುವುದು ಆ ಎರಡು ನಿಮಿಷಕ್ಕೇ. ಹಾಗಾಗಿ 1 ನಿಮಿಷಕ್ಕೊಮ್ಮೆ ಬರೆಯುವಂತೆ ಬದಲಿಸಿದೆ. ಒಂದು ತಿಂಗಳ ಕೊನೆ ದಾಟುವವರೆಗೆ ಹಾಗೇ ಬಿಟ್ಟೆ.

ಲೆಕ್ಕ ತೆಗೆದು ನೋಡಿದಾಗ ಚಿತ್ರ ಸ್ಪಷ್ಟವಾಗಿತ್ತು. ಪ್ರೊಸೆಸರ್‌ಗೆ ದಿನದ ಹೆಚ್ಚಿನ ಹೊತ್ತು ಕೆಲಸವೇ ಇರಲಿಲ್ಲ. ಆದರೆ ಜನ ನಿಧಾನ ಅಂತ ಹೇಳುವ ಹೊತ್ತಿಗೆ ‘ಐಒ ವೇಟ್’ ಅನ್ನುವ ಕಾಲಂ ಏರುತ್ತಿತ್ತು. ಅಂದರೆ ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಾ ಕೂತಿತ್ತು. ವಿಎಂಸ್ಟಾಟ್ ಅನ್ನುವ ಕಮಾಂಡ್ ಓಡಿಸಿದರೆ ‘ಎಸ್‌ಐ’, ‘ಎಸ್‌ಒ’ ಅನ್ನುವ ಎರಡು ಕಾಲಂ ಬರುತ್ತವೆ. ಸ್ವಾಪ್‌ನಿಂದ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮೆಮೊರಿಗೆ ಬಂದದ್ದು ಮೊದಲನೆಯದು, ಮೆಮೊರಿಯಿಂದ ಸ್ವಾಪ್‌ಗೆ ಹೋದದ್ದು ಎರಡನೆಯದು. ಇವು ಒಂದೊಂದು ಸಲ ಸೊನ್ನೆ ದಾಟಿದರೆ ಚಿಂತೆ ಇಲ್ಲ. ನಮ್ಮಲ್ಲಿ ಬೆಳಗಿನ ಹೊತ್ತು ಎರಡೂ ಸೊನ್ನೆಗೆ ಇಳಿಯುತ್ತಲೇ ಇರಲಿಲ್ಲ. ಮೆಮೊರಿ ಸಾಲದೆ ಸರ್ವರ್ ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಇಡುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಫ್ರೀ’ ಕಮಾಂಡ್ ಕೊಟ್ಟಾಗ ‘ಫ್ರೀ’ ಕಾಲಂನಲ್ಲಿ ಚೂರೇ ಚೂರು ಮೆಮೊರಿ ಕಂಡರೆ ತುಂಬಾ ಜನ ಗಾಬರಿಯಾಗುತ್ತಾರೆ. ಅದು ಗಾಬರಿಯ ವಿಷಯವಲ್ಲ. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನು ಸುಮ್ನೆ ಬಿಡುವುದಿಲ್ಲ. ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ‘ಅವೈಲಬಲ್’ ಕಾಲಂ. ನಮ್ಮಲ್ಲಿ ಅದೂ ತಳ ಕಂಡಿತ್ತು.

ಇನ್ನೊಂದು ವಿಷಯವೂ ಲೆಕ್ಕದಲ್ಲಿ ಸಿಕ್ಕಿತು. ತಿಂಗಳ ಕೊನೆಯ ರಿಪೋರ್ಟ್ ಓಡುವಾಗ ಕೋರುಗಳನ್ನು ಬಿಡಿಬಿಡಿಯಾಗಿ ನೋಡಿದೆ. ಡಿಸ್ಕಿನಿಂದ ಓದುವುದು ಮುಗಿದ ಮೇಲೆ ಒಂದು ಕೋರ್ 100ಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಉಳಿದ ಮೂರು ಆರಾಮ. ಅಂದರೆ ಆ ರಿಪೋರ್ಟಿನ ದೊಡ್ಡ ಭಾಗ ಒಂದೇ ಕೋರ್ ಮೇಲೆ ಓಡುತ್ತದೆ. ಅಂಥ ಕೆಲಸಕ್ಕೆ 32 ಕೋರ್ ಕೊಟ್ಟರೆ 31 ಕೋರ್ ನೋಡುತ್ತಾ ಕೂರುತ್ತವೆ. ಬೇಕಾಗಿದ್ದದ್ದು ವೇಗವಾದ ಒಂದು ಕೋರ್. ಕೋಟೇಶನ್‌ನಲ್ಲಿದ್ದ ಪ್ರೊಸೆಸರ್‌ನ ಬೇಸ್ ವೇಗ 2.4 ಗಿಗಾಹರ್ಟ್ಸ್, ಒಂದೇ ಕೋರ್ ಪೂರ್ತಿ ಹತ್ತಿದರೂ 3.4. ಹತ್ತಾರು ವರ್ಚುವಲ್ ಮಷೀನ್ ನಡೆಸುವವರಿಗೆ ಅದು ಒಳ್ಳೆಯ ಪ್ರೊಸೆಸರ್. ನಮ್ಮ ಕೆಲಸದ ಸ್ವಭಾವವೇ ಬೇರೆ.

ಮೆಮೊರಿ ಎಷ್ಟು ಬೇಕು ಅನ್ನುವ ಲೆಕ್ಕಕ್ಕೆ ಕೂತೆ. ಇದನ್ನು ಅಂದಾಜಿನಲ್ಲಿ ಬಿಡಬಾರದು, ಒಂದೊಂದು ಮಷೀನಿಗೂ ಬೇರೆ ಬೇರೆ ಬರೆಯಬೇಕು. ಲೆಕ್ಕಪತ್ರದ ಡೇಟಾಬೇಸ್ ಫೈಲ್ ಸುಮಾರು 40 ಜಿಬಿ ಇತ್ತು, ಅದಕ್ಕೆ ಕೊಟ್ಟಿದ್ದ ಮೆಮೊರಿ 6 ಜಿಬಿ. ಅಷ್ಟೂ 40 ಜಿಬಿ ಮೆಮೊರಿಯಲ್ಲಿ ಇರಬೇಕಾಗಿಲ್ಲ. ಹಳೇ ವರ್ಷಗಳ ವಿವರ ಯಾರೂ ದಿನಾ ತೆಗೆಯುವುದಿಲ್ಲ. ಈ ವರ್ಷದ ಮತ್ತು ಹೋದ ವರ್ಷದ ವಹಿವಾಟು, ಅವುಗಳ ಇಂಡೆಕ್ಸ್, ಇಷ್ಟು ಮೆಮೊರಿಯಲ್ಲಿ ಕೂತರೆ ಸಾಕು. ಟೇಬಲ್‌ಗಳ ಗಾತ್ರ ನೋಡಿ ಆ ಮಷೀನಿಗೆ 24 ಜಿಬಿ ಅಂತ ಬರೆದೆ. ಪೋಸ್ಟ್‌ಗ್ರೆಸ್‌ಗೆ 12. ಲಾಗಿನ್ ಮತ್ತು ಫೈಲುಗಳ ಮಷೀನಿಗೆ 8. ಅಪ್‌ಡೇಟ್‌ಗಳನ್ನು ಮೊದಲು ಹಾಕಿ ನೋಡಲು ಒಂದು ಟೆಸ್ಟ್ ಮಷೀನ್ ಬೇಕೆಂದು ನನಗೆ ಬಹಳ ದಿನದ ಆಸೆ, ಅದಕ್ಕೆ 8. ಕೆಳಗಿನ ಲಿನಕ್ಸ್‌ಗೆ 4. ಒಟ್ಟು 56. ಹಾಗಾಗಿ 64 ಜಿಬಿ. ಮುಂದೆ ಕನಿಷ್ಠ 128ರವರೆಗೆ ಹೋಗುವ ದಾರಿ ಇರಬೇಕು.

ಈ ಲೆಕ್ಕಕ್ಕೆ ಮುಂಚೆ ಒಂದು ವಿಷಯ ಪರೀಕ್ಷಿಸಿದ್ದೆ. ನೀವೂ ಪರೀಕ್ಷಿಸಿ. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಇದ್ದರೆ ಅದು ಡೇಟಾ ಇಟ್ಟುಕೊಳ್ಳಲು ಬಳಸುವ ಬಫರ್ ಮೆಮೊರಿ 1410 ಎಂಬಿಗೆ ನಿಂತುಹೋಗುತ್ತದೆ. ಕೋರ್ ಕೂಡ 4ಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ. ಅಂಥ ಕಡೆ 64 ಅಲ್ಲ, 256 ಜಿಬಿ ಹಾಕಿದರೂ ಡೇಟಾಬೇಸ್‌ಗೆ ಅದು ಸಿಗುವುದಿಲ್ಲ. ನಮ್ಮದು ಸ್ಟ್ಯಾಂಡರ್ಡ್ ಆವೃತ್ತಿ, ಹಾಗಾಗಿ ತೊಂದರೆ ಇರಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಥರದ ಮಿತಿ. ಅದರ ‘ಶೇರ್ಡ್ ಬಫರ್ಸ್’ ಸೆಟ್ಟಿಂಗ್ ಸಾಮಾನ್ಯವಾಗಿ 128 ಎಂಬಿ ಇರುತ್ತದೆ. ಬೇರೆ ಕೆಲಸ ಇಲ್ಲದ ಮಷೀನಿನಲ್ಲಿ ಒಟ್ಟು ಮೆಮೊರಿಯ ಕಾಲು ಭಾಗದಿಂದ ಶುರು ಮಾಡಿ ಅಂತ ಅದರ ಕೈಪಿಡಿಯೇ ಹೇಳುತ್ತದೆ. ಮೆಮೊರಿ ಕೊಂಡು ತಂದು ಈ ಸಾಲು ಬದಲಿಸದೆ ಬಿಟ್ಟ ಸರ್ವರ್‌ಗಳನ್ನು ನಾನು ನೋಡಿದ್ದೇನೆ.

‘ಎಸ್‌ಎಸ್‌ಡಿ ಹಾಕಿದ್ರೆ ಆಯ್ತಲ್ಲ, ಇಷ್ಟು ರ‍್ಯಾಮ್ ಯಾಕೆ?’ ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಸ ಸರ್ವರ್‌ಗೆ ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿ ಡ್ರೈವ್ ಬೇಕೇ ಬೇಕು ಅಂತ ನಾನೂ ಬರೆದಿದ್ದೆ. ಆದರೆ ಮೆಮೊರಿಯಿಂದ ಒಂದು ತುಣುಕು ತರಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿದರೆ ಎನ್‌ವಿಎಂಇ ಡ್ರೈವ್‌ನಿಂದ ತರಲು ಹತ್ತಾರು ಮೈಕ್ರೊಸೆಕೆಂಡ್ ಬೇಕು. ತಿರುಗುವ ಡಿಸ್ಕಾದರೆ ಹಲವು ಮಿಲಿಸೆಕೆಂಡ್. ಒಂದೊಂದು ಮೆಟ್ಟಿಲಿಗೂ ನೂರಾರು ಪಟ್ಟು ವ್ಯತ್ಯಾಸ. ಒಂದು ರಿಪೋರ್ಟ್ ಇಂಥ ತುಣುಕುಗಳನ್ನು ಲಕ್ಷಗಟ್ಟಲೆ ಕೇಳುತ್ತದೆ. ಡ್ರೈವ್ ಬೇಕು, ಮೆಮೊರಿಯೂ ಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಎಷ್ಟು ಅನ್ನುವುದಾಯಿತು. ಎಂಥದ್ದು ಅನ್ನುವುದು ಅದಕ್ಕಿಂತ ಮುಖ್ಯ. ನನ್ನ ಪಟ್ಟು ಒಂದೇ ಇತ್ತು. ಇಸಿಸಿ, ಅಂದರೆ ತಪ್ಪು ತಿದ್ದುವ ವ್ಯವಸ್ಥೆ, ಇಲ್ಲದ ಮೆಮೊರಿ ಬೇಡ. ಮೆಮೊರಿಯಲ್ಲಿ ಕೂತ ಒಂದು ಬಿಟ್ ಯಾವುದೋ ಕಾರಣಕ್ಕೆ ತಿರುಗಿಬಿಡಬಹುದು, 0 ಇದ್ದದ್ದು 1 ಆಗಬಹುದು. ಇಸಿಸಿ ಮೆಮೊರಿಯಲ್ಲಿ ಡೇಟಾದ ಜೊತೆ ಹೆಚ್ಚುವರಿ ಬಿಟ್‌ಗಳು ಇರುತ್ತವೆ. ಡಿಡಿಆರ್4ನಲ್ಲಾದರೆ 64 ಬಿಟ್ ಡೇಟಾಕ್ಕೆ 8. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ಕಂಡುಹಿಡಿದು ತಿಳಿಸುತ್ತದೆ. ಇಸಿಸಿ ಇಲ್ಲದಿದ್ದರೆ? ತಪ್ಪಾದ ಬಿಟ್ ಹಾಗೇ ಡಿಸ್ಕಿಗೆ ಹೋಗುತ್ತದೆ. ಅಲ್ಲಿಂದ ಬ್ಯಾಕಪ್‌ಗೆ. ಬಿಲ್ಲಿನ ಒಂದು ಅಂಕಿ ಬದಲಾಗಿದ್ದರೆ ಅದು ಯಾವಾಗ ಬದಲಾಯಿತು ಅಂತ ಯಾರೂ ಹೇಳಲಾರರು.

ಇದು ಅಪರೂಪ, ನಮಗೆಲ್ಲಿ ಆಗುತ್ತೆ ಅನ್ನುವ ಮಾತು ತುಂಬಾ ಕೇಳಿದ್ದೇನೆ. 2009ರಲ್ಲಿ ಸಂಶೋಧಕಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಎಂಜಿನಿಯರ್‌ಗಳು ಸೇರಿ ಗೂಗಲ್‌ನ ಸರ್ವರ್‌ಗಳ ಮೆಮೊರಿ ತಪ್ಪುಗಳನ್ನು ಎರಡೂವರೆ ವರ್ಷದ ದಾಖಲೆ ಹಿಡಿದು ಲೆಕ್ಕ ಹಾಕಿದರು. ವರ್ಷಕ್ಕೆ ಮೂರರಲ್ಲಿ ಒಂದು ಮಷೀನಿನಲ್ಲಿ ಕನಿಷ್ಠ ಒಂದಾದರೂ ತಿದ್ದಬಹುದಾದ ತಪ್ಪು ಕಂಡಿತ್ತು. ಸ್ಟಿಕ್‌ಗಳ ಲೆಕ್ಕದಲ್ಲಿ ನೋಡಿದರೆ 8 ಶೇಕಡಾಕ್ಕಿಂತ ಜಾಸ್ತಿ. ಆಕಾಶದಿಂದ ಬರುವ ಕಣಗಳಂಥ ಆಕಸ್ಮಿಕಗಳಿಗಿಂತ ಸ್ಟಿಕ್ ಕೆಡುವುದರಿಂದ ಆಗುವ ತಪ್ಪುಗಳೇ ಹೆಚ್ಚು ಅಂತಲೂ ಅವರು ಕಂಡುಕೊಂಡರು. ಇದನ್ನು ಯಜಮಾನರಿಗೆ ಹೇಳಿದೆ. ಲೆಕ್ಕ ತಪ್ಪುವ ಮಾತು ಬಂದ ಮೇಲೆ ಅವರು ಎರಡನೇ ಪ್ರಶ್ನೆ ಕೇಳಲಿಲ್ಲ.

ಇಸಿಸಿ ಅಂತ ತೀರ್ಮಾನವಾದ ತಕ್ಷಣ ಪ್ರೊಸೆಸರ್‌ಗಳ ಪಟ್ಟಿ ತಾನಾಗೇ ಚಿಕ್ಕದಾಯಿತು. ಮೆಮೊರಿ ಮೊದಲು ಅನ್ನುವುದರ ಲಾಭ ಇದೇ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಯಾವ ಬಗೆಯ ಸ್ಟಿಕ್, ಎಷ್ಟು ಚಾನೆಲ್ (ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ದಾರಿ), ಎಷ್ಟು ವೇಗ, ಗರಿಷ್ಠ ಎಷ್ಟು ಜಿಬಿ, ಇದೆಲ್ಲ ಮದರ್‌ಬೋರ್ಡಿಗಿಂತ ಮೊದಲು ಪ್ರೊಸೆಸರ್ ನಿರ್ಧರಿಸುತ್ತದೆ.

ಸರ್ವರ್ ಮೆಮೊರಿಯಲ್ಲಿ ಎರಡು ಮುಖ್ಯ ಬಗೆ. ಯುಡಿಐಎಂಎಂ, ಆರ್‌ಡಿಐಎಂಎಂ. ಆರ್‌ಡಿಐಎಂಎಂನಲ್ಲಿ, ಯುಡಿಐಎಂಎಂನಲ್ಲಿ ಇಲ್ಲದ ಒಂದು ರಿಜಿಸ್ಟರ್ ಚಿಪ್ ಮಧ್ಯೆ ಇರುತ್ತದೆ. ಕಂಟ್ರೋಲರ್‌ನಿಂದ ಬರುವ ವಿಳಾಸ ಮತ್ತು ಆಜ್ಞೆಯ ಸಿಗ್ನಲ್‌ಗಳನ್ನು ಅದು ತಗೊಂಡು ಮುಂದೆ ದಾಟಿಸುತ್ತದೆ. ಅದರಿಂದ ದೊಡ್ಡ ಸ್ಟಿಕ್‌ಗಳನ್ನು, ಜಾಸ್ತಿ ಸ್ಟಿಕ್‌ಗಳನ್ನು ಹಾಕಬಹುದು. ದೊಡ್ಡ ಜಿಯಾನ್, ಎಎಂಡಿಯ ದೊಡ್ಡ ಎಪಿಕ್ ಪ್ರೊಸೆಸರ್‌ಗಳಿಗೆ ಇದೇ ಬೇಕು. ಚಿಕ್ಕ ಸರ್ವರ್ ಪ್ರೊಸೆಸರ್‌ಗಳಿಗೆ ಇಸಿಸಿ ಇರುವ ಯುಡಿಐಎಂಎಂ. ಎರಡನ್ನೂ ಬೆರೆಸುವ ಹಾಗಿಲ್ಲ. ಡಿಡಿಆರ್4ನಲ್ಲಿ ಎರಡೂ ಒಂದೇ ಸ್ಲಾಟಿಗೆ ಕೂರುತ್ತಿದ್ದವು, ಆದರೆ ತಪ್ಪು ಬಗೆ ಹಾಕಿದರೆ ಮಷೀನ್ ಏಳುತ್ತಿರಲಿಲ್ಲ. ಡಿಡಿಆರ್5ನಲ್ಲಿ ಸ್ಟಿಕ್‌ನ ಅಂಚಿನ ಗೀರಿನ ಜಾಗವೇ ಬೇರೆ, ಕೂರುವುದೇ ಇಲ್ಲ. ಕರೆಂಟ್ ಕೂಡ ಬೇರೆ. ಯುಡಿಐಎಂಎಂಗೆ 5 ವೋಲ್ಟ್, ಆರ್‌ಡಿಐಎಂಎಂಗೆ 12.

ಇನ್ನು ಚಾನೆಲ್. ಡಿಡಿಆರ್5-4800 ಮೆಮೊರಿ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 38.4 ಜಿಬಿ ಸಾಗಿಸಬಲ್ಲದು. ಎರಡು ಚಾನೆಲ್ ತುಂಬಿದರೆ 76.8. ಒಂದೇ ಸ್ಟಿಕ್ ಹಾಕಿದರೆ ಅರ್ಧ ದಾರಿ ಮುಚ್ಚಿದ ಹಾಗೆ. ನಮಗೆ ಬಂದಿದ್ದ ಕೋಟೇಶನ್ ಈ ಕಣ್ಣಿನಿಂದ ಮತ್ತೆ ನೋಡಿದೆ. ಆ ಜಿಯಾನ್‌ಗೆ ತಲಾ 8 ಚಾನೆಲ್. ಎರಡು ಪ್ರೊಸೆಸರ್‌ಗೆ 16. ಅವರು ಕೊಡಲು ಹೊರಟಿದ್ದದ್ದು ನಾಲ್ಕು ಸ್ಟಿಕ್. 16 ಚಾನೆಲ್‌ನಲ್ಲಿ 12 ಖಾಲಿ! ಇಷ್ಟು ದೊಡ್ಡ ಪ್ರೊಸೆಸರ್‌ಗೆ ದುಡ್ಡು ಕೊಟ್ಟು ಅದಕ್ಕೆ ಡೇಟಾ ತಲುಪುವ ದಾರಿಯ ಮುಕ್ಕಾಲು ಭಾಗ ಖಾಲಿ ಬಿಡುವುದು ನನಗೆ ನಿಜಕ್ಕೂ ಬೇಸರ ತಂದಿತು. ಸಾಲದ್ದಕ್ಕೆ ಎರಡು ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇದ್ದಾಗ ಅರ್ಧ ಮೆಮೊರಿ ಒಂದು ಪ್ರೊಸೆಸರ್ ಬಳಿ, ಅರ್ಧ ಇನ್ನೊಂದರ ಬಳಿ ಇರುತ್ತದೆ. ಆಚೆ ಕಡೆಯ ಮೆಮೊರಿ ಬೇಕಾದಾಗ ಜಾಸ್ತಿ ಹೊತ್ತು ಹಿಡಿಯುತ್ತದೆ. 64 ಜಿಬಿ ಸಾಕಾಗುವ ಜಾಗಕ್ಕೆ ಈ ತಾಪತ್ರಯ ಯಾಕೆ?

ಲೈಸೆನ್ಸ್ ಲೆಕ್ಕ ಹಾಕಿದ ಮೇಲಂತೂ ಎರಡು ಸಾಕೆಟ್ ವಿಷಯ ಮುಗಿದೇಹೋಯಿತು. 2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್‌ಗೆ ಕೋರ್ ಲೆಕ್ಕದಲ್ಲಿ ಲೈಸೆನ್ಸ್. ಒಂದು ಸರ್ವರ್‌ಗೆ ಕನಿಷ್ಠ 16 ಕೋರಿನ ಲೈಸೆನ್ಸ್ ತಗೊಳ್ಳಲೇಬೇಕು, ಪ್ರೊಸೆಸರ್‌ನಲ್ಲಿ 8 ಇದ್ದರೂ ಅಷ್ಟೇ, 16 ಇದ್ದರೂ ಅಷ್ಟೇ. 32 ಕೋರ್ ಇದ್ದರೆ ಅದರ ಎರಡರಷ್ಟು. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಎಲ್ಲ ಕೋರಿಗೂ ಒಂದು ಸಲ ಲೈಸೆನ್ಸ್ ಕೊಟ್ಟರೆ ಎರಡು ವಿಂಡೋಸ್ ವರ್ಚುವಲ್ ಮಷೀನ್ ನಡೆಸಬಹುದು. ನಮಗೆ ಬೇಕಾದದ್ದೂ ಎರಡೇ. ಎಸ್‌ಕ್ಯೂಎಲ್ ಸರ್ವರ್‌ಗೆ ಕೋರ್ ಲೆಕ್ಕದ ಲೈಸೆನ್ಸ್ ಆದರೆ ಒಂದು ವರ್ಚುವಲ್ ಮಷೀನಿಗೆ ಕನಿಷ್ಠ 4 ಕೋರ್. ಹೀಗೆ ಕೋರ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಒಂದೊಂದು ಕೋರೂ ಗಟ್ಟಿಯಾಗಿರಬೇಕು. ನಿಧಾನದ ಹತ್ತು ಕೋರಿಗಿಂತ ಚುರುಕಾದ ನಾಲ್ಕು ವಾಸಿ. ಕೋಟೇಶನ್ ಕೊಡುವವರು ಹಾರ್ಡ್‌ವೇರ್ ಮೊತ್ತ ತೋರಿಸುತ್ತಾರೆ, ಲೈಸೆನ್ಸ್ ಬೇರೆ ಕಾಗದದಲ್ಲಿ ಬರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೇ ನಿಜವಾದ ಖರ್ಚು ಗೊತ್ತಾಗುವುದು.

ಹಳೇ ಸರ್ವರ್ ರಿಪೇರಿ ಮಾಡಿ ಮಾರುವವರಿಂದ ಜಿಯಾನ್ ಇ5 ವಿ4 ಇರುವ ಮಷೀನ್ ತಗೊಳ್ಳಿ ಅಂತ ಗೆಳೆಯರೊಬ್ಬರು ಹೇಳಿದರು. ಅದರಲ್ಲಿ ಹುರುಳಿದೆ. ಡಿಡಿಆರ್4 ಆರ್‌ಡಿಐಎಂಎಂ ಹಳೆಯದು ಅಗ್ಗಕ್ಕೆ ಸಿಗುತ್ತದೆ, ಪ್ರೊಸೆಸರ್ ಒಂದಕ್ಕೆ 4 ಚಾನೆಲ್ ಇದೆ. ಬ್ಯಾಕಪ್‌ಗೋ ಕಲಿಯುವುದಕ್ಕೋ ಆಗಿದ್ದರೆ ನಾನು ಅದನ್ನೇ ತಗೊಳ್ಳುತ್ತಿದ್ದೆ. ಆದರೆ ಅದು 2016ರ ಪ್ರೊಸೆಸರ್. ಒಂಟಿ ಕೋರಿನ ವೇಗ ನಮ್ಮ ತೊಂದರೆಯನ್ನು ನೀಗಿಸುವಷ್ಟಿಲ್ಲ.

ಕೊನೆಗೆ ಉಳಿದದ್ದು ಎರಡು. ಇಂಟೆಲ್‌ನ ಜಿಯಾನ್ ಇ-2400 ಸಾಲು, ಎಎಂಡಿಯ ಎಪಿಕ್ 4004 ಸಾಲು. ಎರಡಕ್ಕೂ ಡಿಡಿಆರ್5, ಎರಡಕ್ಕೂ 2 ಚಾನೆಲ್, ಎರಡಕ್ಕೂ ಇಸಿಸಿ ಯುಡಿಐಎಂಎಂ. ಜಿಯಾನ್‌ನಲ್ಲಿ 8 ಕೋರ್‌ವರೆಗೆ ಇದೆ, ಮೆಮೊರಿ 128 ಜಿಬಿವರೆಗೆ. 2024ರ ಮೇ ತಿಂಗಳಲ್ಲಿ ಬಂದ ಎಪಿಕ್ 4004ರಲ್ಲಿ 16 ಕೋರ್‌ವರೆಗೆ, ಮೆಮೊರಿ 192 ಜಿಬಿವರೆಗೆ. ಎರಡೂ ನಮ್ಮ ಕೆಲಸಕ್ಕೆ ಸಾಕು. ನಾನು ಎಪಿಕ್ 4344ಪಿ ಆರಿಸಿದೆ. 8 ಕೋರ್, ಬೇಸ್ 3.8 ಗಿಗಾಹರ್ಟ್ಸ್, ಒಂದು ಕೋರ್ 5.3ರವರೆಗೆ ಹೋಗುತ್ತದೆ, 65 ವಾಟ್. ನಮ್ಮ ಸರ್ವರ್ ಇರುವುದು ಆಫೀಸಿನ ಒಂದು ಮೂಲೆಯ ಕೋಣೆಯಲ್ಲಿ. ಕಡಿಮೆ ವಾಟ್ ಅಂದರೆ ಕಡಿಮೆ ಬಿಸಿ, ಕಡಿಮೆ ಸದ್ದು, ಕರೆಂಟ್ ಹೋದಾಗ ಯುಪಿಎಸ್ ಜಾಸ್ತಿ ಹೊತ್ತು. ಮೆಮೊರಿಗೆ ಮುಂದೆ ಇನ್ನೂ ಜಾಗ ಇರುವುದೇ ನನ್ನ ಕೈ ಅತ್ತ ಎಳೆದದ್ದು. ಒಂದು ಕೋರಿಗೆ ಎರಡರಂತೆ 16 ಥ್ರೆಡ್ ಅಂತಲೂ ಬರೆದಿರುತ್ತಾರೆ, ಅದನ್ನು 16 ಕೋರ್ ಅಂತ ಲೆಕ್ಕ ಹಾಕಬೇಡಿ.

ಸ್ಟಿಕ್ ಎಷ್ಟು ಅನ್ನುವುದರ ಮೇಲೆ ಸ್ವಲ್ಪ ತಲೆ ಕೆಡಿಸಿಕೊಂಡೆ. 64 ಜಿಬಿಯನ್ನು 16ರ ನಾಲ್ಕಾಗಿಯೂ ಹಾಕಬಹುದು, 32ರ ಎರಡಾಗಿಯೂ ಹಾಕಬಹುದು. ಈ ಪ್ರೊಸೆಸರ್‌ನಲ್ಲಿ ಎರಡು ಸ್ಟಿಕ್ ಇದ್ದರೆ ಮೆಮೊರಿ 5200ರ ವೇಗದವರೆಗೆ ಓಡುತ್ತದೆ. ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. ಒಂದೇ ಚಾನೆಲ್ ಮೇಲೆ ಎರಡೆರಡು ಸ್ಟಿಕ್ ಕೂತಾಗ ಸಿಗ್ನಲ್ ಹಿಡಿದಿಡುವುದು ಕಷ್ಟ, ಅದಕ್ಕೇ. ಹಾಗಾಗಿ 32ರ ಎರಡು. ಮುಂದೆ 128 ಬೇಕಾದಾಗ ಇನ್ನೆರಡು ಹಾಕಿದರೆ ವೇಗ ಇಳಿಯುತ್ತದೆ, ಗೊತ್ತು. ನಮ್ಮಂಥ ಡೇಟಾಬೇಸ್ ಕೆಲಸಕ್ಕೆ ಮೆಮೊರಿಯ ವೇಗಕ್ಕಿಂತ ಮೆಮೊರಿಯ ಗಾತ್ರ ಮುಖ್ಯ. ಡಿಸ್ಕಿಗೆ ಹೋಗುವುದು ತಪ್ಪಿದರೆ 3600 ಕೂಡ ಸ್ವರ್ಗ.

ಆರ್ಡರ್ ಕೊಡುವಾಗ ಇಸಿಸಿ ಅಂತ ಸ್ಪಷ್ಟವಾಗಿ ಬರೆದಿದ್ದೆ. ಆದರೂ ಬಂದ ಸ್ಟಿಕ್‌ಗಳ ಲೇಬಲ್ ನೋಡಿದಾಗ ಅನುಮಾನ ಬಂತು. ಲೇಬಲ್ ಮೇಲೆ 32 ಜಿಬಿ, ‘2ಆರ್‌ಎಕ್ಸ್8’, ಆಮೇಲೆ ‘ಪಿಸಿ5-4800ಬಿ’, ಅದರ ಮುಂದೆ ಒಂದು ಗೆರೆ, ಗೆರೆಯ ಆಚೆ ‘ಯು’ ಅಕ್ಷರ. ಆ ಒಂದು ಅಕ್ಷರದಲ್ಲೇ ಎಲ್ಲ ಇದೆ. ‘ಯು’ ಇದ್ದರೆ ಸಾದಾ ಯುಡಿಐಎಂಎಂ, ಇಸಿಸಿ ಇಲ್ಲ. ‘ಇ’ ಇದ್ದರೆ ಇಸಿಸಿ ಯುಡಿಐಎಂಎಂ. ‘ಆರ್’ ಇದ್ದರೆ ಆರ್‌ಡಿಐಎಂಎಂ. ‘2ಆರ್‌ಎಕ್ಸ್8’ ಅಂದರೆ ಎರಡು ರ‍್ಯಾಂಕ್ (ಚಿಪ್‌ಗಳ ಗುಂಪು), 8 ಬಿಟ್ ಅಗಲದ ಚಿಪ್‌ಗಳು. ಖಾತ್ರಿ ಮಾಡಿಕೊಳ್ಳಲು ಚಿಪ್ ಎಣಿಸಿದೆ. ಒಂದು ಬದಿಯಲ್ಲಿ ಒಂದೇ ಅಳತೆಯ ಕಪ್ಪು ಚಿಪ್ 8 ಇದ್ದವು. ಇಸಿಸಿ ಇದ್ದಿದ್ದರೆ 9 ಅಥವಾ 10 ಇರಬೇಕಿತ್ತು. ಮಧ್ಯದಲ್ಲಿರುವ ಚಿಕ್ಕ ಚಿಪ್‌ಗಳು ಕರೆಂಟ್ ನೋಡಿಕೊಳ್ಳುವುದಕ್ಕೆ ಮತ್ತು ಸ್ಟಿಕ್‌ನ ವಿವರ ಹೇಳುವುದಕ್ಕೆ ಇರುವಂಥವು, ಅವನ್ನು ಲೆಕ್ಕಕ್ಕೆ ತಗೊಳ್ಳಬಾರದು.

ಫೋನ್ ಮಾಡಿದರೆ ಅಂಗಡಿಯವರು, ‘ಡಿಡಿಆರ್5 ಅಲ್ವಾ ಸಾರ್, ಇಸಿಸಿ ಒಳಗೇ ಇರುತ್ತೆ’ ಅಂದರು. ಈ ಮಾತು ಎಷ್ಟು ಕಡೆ ಓಡಾಡುತ್ತಿದೆ ಅಂದರೆ ಇದನ್ನು ಬಿಡಿಸಿ ಹೇಳಲೇಬೇಕು. ಡಿಡಿಆರ್5ನ ಪ್ರತಿ ಚಿಪ್ ಒಳಗೂ ಒಂದು ಬಗೆಯ ತಿದ್ದುವ ವ್ಯವಸ್ಥೆ ಇದೆ, ಆನ್-ಡೈ ಇಸಿಸಿ ಅನ್ನುತ್ತಾರೆ. ಚಿಪ್‌ಗಳ ಸಾಂದ್ರತೆ ಜಾಸ್ತಿಯಾದ ಹಾಗೆ ಒಳಗಿನ ಸಣ್ಣಪುಟ್ಟ ತಪ್ಪುಗಳನ್ನು ಚಿಪ್ ತಾನೇ ಸರಿಮಾಡಿಕೊಳ್ಳಲಿ ಅಂತ ಅದು ಬಂದದ್ದು. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣುವುದಿಲ್ಲ. ತಾನು ಏನು ತಿದ್ದಿದೆ ಅಂತ ಸರ್ವರ್‌ಗೆ ಹೇಳುವುದೂ ಇಲ್ಲ. ನಿಜವಾದ ಇಸಿಸಿ ಸ್ಟಿಕ್‌ನಲ್ಲಿ ಹೆಚ್ಚುವರಿ ಬಿಟ್‌ಗಳು ಪ್ರೊಸೆಸರ್‌ವರೆಗೂ ಹೋಗುತ್ತವೆ, ಪ್ರೊಸೆಸರ್ ಪರೀಕ್ಷಿಸಿ ಲೆಕ್ಕ ಬರೆದಿಡುತ್ತದೆ. ಎರಡೂ ಬೇರೆ ಬೇರೆ. ಇದನ್ನು ಆರ್ಡರ್ ಕಾಗದ ತೋರಿಸಿ ವಿವರಿಸಿದ ಮೇಲೆ ಸ್ಟಿಕ್ ಬದಲಾಯಿಸಿಕೊಟ್ಟರು. ಎರಡನೇ ಸಲ ಬಂದವುಗಳ ಮೇಲೆ ‘ಇ’ ಇತ್ತು, ಚಿಪ್ ಬದಿಗೆ 10.

ಜೋಡಿಸುವಾಗ ಎರಡು ಸ್ಟಿಕ್ ಯಾವ ಸ್ಲಾಟಿಗೆ ಅನ್ನುವುದನ್ನು ಬೋರ್ಡಿನ ಕೈಪಿಡಿ ನೋಡಿಯೇ ಹಾಕಿದೆ. ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಹೋಗಬಹುದು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಮೇಲೆ ಏನೂ ಬರಲಿಲ್ಲ. ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಕಪ್ಪು. ಡಿಡಿಆರ್5ನಲ್ಲಿ ಇದು ಮಾಮೂಲು. ಪ್ರೊಸೆಸರ್ ಮೆಮೊರಿಯ ಜೊತೆ ಸಿಗ್ನಲ್ ಹೊಂದಿಸಿಕೊಳ್ಳುತ್ತಿರುತ್ತದೆ, ಹಲವು ನಿಮಿಷ ಹಿಡಿಯಬಹುದು. ಆಗ ಗಾಬರಿಯಾಗಿ ಪವರ್ ತೆಗೆಯಬಾರದು, ತೆಗೆದರೆ ಮತ್ತೆ ಮೊದಲಿನಿಂದ. ಸುಮ್ನೆ ಕಾದೆ, ಬಂತು.

ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ರಾತ್ರಿಯಿಡೀ ಓಡಿಸಿದೆ. ತಪ್ಪು ಸೊನ್ನೆ. ಲಿನಕ್ಸ್ ಹಾಕಿದ ಮೇಲೆ ಡಿಎಂಐಡಿಕೋಡ್ ಕಮಾಂಡ್‌ನಲ್ಲಿ ಮೆಮೊರಿಯ ವಿವರ ತೆಗೆದು ‘ಟೋಟಲ್ ವಿಡ್ತ್’ ಮತ್ತು ‘ಡೇಟಾ ವಿಡ್ತ್’ ಹೋಲಿಸಿದೆ. ಡೇಟಾ 64 ಇದ್ದು ಟೋಟಲ್ ಅದಕ್ಕಿಂತ ಜಾಸ್ತಿ ಇದ್ದರೆ ಸ್ಟಿಕ್‌ನಲ್ಲಿ ಇಸಿಸಿ ಇದೆ. ಸ್ಟಿಕ್‌ನಲ್ಲಿ ಇದ್ದರೆ ಸಾಲದು, ಕೆಲಸವೂ ಮಾಡಬೇಕು. ಲಿನಕ್ಸ್‌ನ ಇಡಿಎಸಿ ಡ್ರೈವರ್ ಲೋಡ್ ಆಗಿ ಮೆಮೊರಿ ಕಂಟ್ರೋಲರ್ ಕಾಣಿಸಿದರೆ ಮಾತ್ರ ತಿದ್ದಿದ ತಪ್ಪುಗಳ ಲೆಕ್ಕ ಸಿಗುತ್ತದೆ. ಅಲ್ಲಿ ಎರಡು ಎಣಿಕೆ ಇರುತ್ತವೆ. ‘ಸಿಇ’ ತಿದ್ದಿದ್ದು, ‘ಯುಇ’ ತಿದ್ದಲಾಗದ್ದು. ಆರ್‌ಎಎಸ್‌ಡೀಮನ್ ಅನ್ನುವ ಪ್ರೋಗ್ರಾಂ ಹಾಕಿ ಎರಡೂ ಲಾಗ್ ಆಗುವಂತೆ ಮಾಡಿದೆ. ‘ಸಿಇ’ ಸೊನ್ನೆಯಿಂದ ಮೇಲೆ ಹೋದರೆ ನನಗೆ ಮೇಲ್ ಬರುತ್ತದೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಮ್ಯಾಕ್ಸ್ ಸರ್ವರ್ ಮೆಮೊರಿ’ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಮುಟ್ಟದೆ ಬಿಟ್ಟರೆ 2147483647 ಎಂಬಿ ಇರುತ್ತದೆ, ಅಂದರೆ ಮಿತಿಯೇ ಇಲ್ಲ. ಸಿಕ್ಕಷ್ಟೂ ತಗೊಂಡು ವಿಂಡೋಸ್‌ಗೆ ಉಸಿರಾಡಲು ಬಿಡುವುದಿಲ್ಲ. 24 ಜಿಬಿಯ ಮಷೀನಿನಲ್ಲಿ ಅದನ್ನು 20 ಜಿಬಿಗೆ ಕಟ್ಟಿಹಾಕಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಶೇರ್ಡ್ ಬಫರ್ಸ್ 3 ಜಿಬಿಗೆ ಏರಿಸಿದೆ.

ಮೊದಲ ತಿಂಗಳ ಕೊನೆ ಬಂದಾಗ ನಾನು ಸಾರ್ ಲೆಕ್ಕ ತೆರೆದುಕೊಂಡೇ ಕೂತಿದ್ದೆ. ಸ್ವಾಪ್ ಕಾಲಂ ಎರಡೂ ಸೊನ್ನೆ. ಐಒ ವೇಟ್ ಇದ್ದೂ ಇಲ್ಲದಂತೆ. ಒಂದು ಕೋರ್ 100ಕ್ಕೆ ಹೋಗುವುದು ಈಗಲೂ ಇದೆ, ಆದರೆ ಆ ಕೋರ್ ಈಗ 5 ಗಿಗಾಹರ್ಟ್ಸ್ ಮೇಲೆ ಓಡುತ್ತಿದೆ, ಕೆಲಸ ಮುಗಿಸಿ ಬೇಗ ಇಳಿಯುತ್ತದೆ. ರಿಪೋರ್ಟ್ ತೆಗೆದವರು ಪಕ್ಕದವರ ಜೊತೆ ಮಾತು ಮುಗಿಸುವಷ್ಟರಲ್ಲಿ ಬಂದಿತ್ತು. ಉಳಿದವರಿಗೆ ರಿಪೋರ್ಟ್ ಓಡುತ್ತಿದೆ ಅಂತಲೇ ಗೊತ್ತಾಗಲಿಲ್ಲ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ ಇಡಿಎಸಿಯಿಂದ ಮೇಲ್ ಬಂತು. ‘ಸಿಇ’ ಒಂದು. ಒಂದಕ್ಕೆ ಏನೂ ಮಾಡಬೇಕಿಲ್ಲ. ಆದರೆ ವಾರದೊಳಗೆ ಅದೇ ಚಾನೆಲ್‌ನಲ್ಲಿ ಮತ್ತೆ ಮತ್ತೆ ಬರತೊಡಗಿತು. ಎಲ್ಲವೂ ತಿದ್ದಿದ್ದೇ, ಯಾರ ಕೆಲಸಕ್ಕೂ ಅಡ್ಡಿ ಆಗಿರಲಿಲ್ಲ. ರಜೆಯ ದಿನ ಸರ್ವರ್ ನಿಲ್ಲಿಸಿ ಎರಡು ಸ್ಟಿಕ್‌ಗಳ ಜಾಗ ಅದಲುಬದಲು ಮಾಡಿದೆ. ತಪ್ಪು ಸ್ಲಾಟಿನದಾದರೆ ಅದೇ ಚಾನೆಲ್‌ನಲ್ಲಿ ಉಳಿಯಬೇಕು, ಸ್ಟಿಕ್‌ನದಾದರೆ ಅದರ ಜೊತೆ ಹೋಗಬೇಕು. ಸ್ಟಿಕ್‌ನ ಜೊತೆಗೇ ಹೋಯಿತು. ಲಾಗ್ ಪ್ರಿಂಟ್ ತೆಗೆದು ವಾರಂಟಿಗೆ ಕಳಿಸಿದೆ, ತಕರಾರಿಲ್ಲದೆ ಒಪ್ಪಿದರು. ಬದಲಿ ಸ್ಟಿಕ್ ಬರುವವರೆಗೆ ಸರ್ವರ್ 32 ಜಿಬಿಯಲ್ಲಿ, ಒಂದೇ ಚಾನೆಲ್‌ನಲ್ಲಿ ನಡೆಯಿತು. ಟೆಸ್ಟ್ ಮಷೀನ್ ನಿಲ್ಲಿಸಿದೆ, ಎಸ್‌ಕ್ಯೂಎಲ್ ಮಷೀನನ್ನು 12 ಜಿಬಿಗೆ, ಪೋಸ್ಟ್‌ಗ್ರೆಸ್ ಮಷೀನನ್ನು 6ಕ್ಕೆ ಇಳಿಸಿದೆ. ಬದಲಿ ಬಂದ ಮೇಲೆ ಮೆಮ್‌ಟೆಸ್ಟ್ ಓಡಿಸಿ, ಎಲ್ಲವನ್ನೂ ಮೊದಲಿನ ಅಳತೆಗೆ ಏರಿಸಿದೆ. ಅದೇ ಮಾದರಿಯ ಇನ್ನೊಂದು ಸ್ಟಿಕ್ ತರಿಸಿ ಆಫೀಸಿನಲ್ಲೇ ಇಟ್ಟಿದ್ದೇವೆ, ಮುಂದಿನ ಸಲ ವಾರಂಟಿಗೆ ಕಾಯಬೇಕಾಗಿಲ್ಲ.